ಉಡುಪಿ ಕೈಮಗ್ಗದ ಸೀರೆಯ ಸೆರಗಿಗೆ ಮೆಷಿನ್ ಕಸೂತಿ: ಸುಕ್ಕು, ತೂತು, ನೂಲು ತುಂಡಾಗುವುದು

ಮಲ್ಲಿಗೆದಂಡೆ ಕೇಳಿದ್ದು:

ಬಟ್ಟೆ ಕಿನ್ನಿಗೋಳಿ ಕಡೆಯ ಕೈಮಗ್ಗದ ಉಡುಪಿ ಸೀರೆ. ಹತ್ತಿ, ದಟ್ಟ ನೇರಳೆ ಬಣ್ಣ. ಸೆರಗಿನಲ್ಲಿ ಐದು ಕಡೆ ಮಲ್ಲಿಗೆ ಮೊಗ್ಗಿನ ಗೊಂಚಲು ಬರಬೇಕು, ಮೊಗ್ಗು ಬಿಳಿ, ಎಲೆ ಹಸಿರು. ಮೆಷಿನ್ ಮನೆಬಳಕೆಯ ಕಂಪ್ಯೂಟರ್ ಎಂಬ್ರಾಯ್ಡರಿಯದ್ದು, ಫ್ರೇಮ್ 10×10 ಸೆಂ.ಮೀ. ಡಿಸೈನ್ ಹಣ ಕೊಟ್ಟು ತೆಗೆದುಕೊಂಡ ಡಿಎಸ್‌ಟಿ ಫೈಲ್ (ಎಂಬ್ರಾಯ್ಡರಿ ಮೆಷಿನ್ ಓದುವ ಬಗೆಯದ್ದು). ಮೂಲ ಅಳತೆ 13×13 ಸೆಂ.ಮೀ., 12,000 ಹೊಲಿಗೆ. ಫ್ರೇಮಿನಲ್ಲಿ ಹಿಡಿಯುವುದಿಲ್ಲವೆಂದು ಲ್ಯಾಪ್‌ಟಾಪಿನಲ್ಲಿ 9×9ಕ್ಕೆ ಸಣ್ಣ ಮಾಡಿ ಹಾಕಿದೆ.

ಒಂದು ಗೊಂಚಲು ಮುಗಿದಾಗ ಕಂಡದ್ದು: ಸುತ್ತಲೂ ಬಟ್ಟೆ ನೆರಿಗೆ ಹಿಡಿದಿದೆ. ಮೊಗ್ಗಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತು. ಹಸಿರು ಎಲೆಯ ಮೇಲೆ ಬಾಬಿನ್ನಿನ (ಅಡಿಯ ಉರುಳೆಯ) ಬಿಳಿ ನೂಲು ಚುಕ್ಕಿ ಚುಕ್ಕಿ ಕಾಣ್ತದೆ. ಮೇಲಿನ ನೂಲು (ರೇಯಾನ್) ಎರಡು ಮೂರು ನಿಮಿಷಕ್ಕೊಮ್ಮೆ ತುಂಡು. ಟೆನ್ಶನ್ (ಮೇಲಿನ ನೂಲಿನ ಬಿಗಿ) 4ರಿಂದ 2ಕ್ಕೆ ಇಳಿಸಿಯೂ ನೋಡಿದೆ, ಹೆಚ್ಚು ವ್ಯತ್ಯಾಸ ಇಲ್ಲ. ಬಟ್ಟೆಯ ಹಿಂದೆ ಆಧಾರಕ್ಕೆ, ಹರಿದು ತೆಗೆಯುವ ಪೇಪರ್ ಬ್ಯಾಕಿಂಗ್ ಒಂದು ಪದರ, ಸೂಜಿ 14 ನಂಬರ್.

ಎಲ್ಲಿ ತಪ್ಪಿದೆ? ಉಳಿದ ನಾಲ್ಕು ಗೊಂಚಲು ಹಾಕುವ ಮೊದಲು ಗೊತ್ತಾಗಬೇಕು. ಮತ್ತೆ, ಇಂಥ ಬಟ್ಟೆಗೆ ಸಾದಾ ಹೊಲಿಗೆ ಮೆಷಿನ್ನಿನಲ್ಲೇ ಫ್ರೇಮ್ ಹಿಡಿದು ಕೈಯಿಂದ ಹಾಕುವುದನ್ನು ಕಲಿಯುವುದು ಒಳ್ಳೆಯದಾ?

ಹಾಸುಹೊಕ್ಕು:

ಟೆನ್ಶನ್ ಮುಟ್ಟಬೇಡಿ. ತಪ್ಪು ಫೈಲಿನಲ್ಲಿ ಉಂಟು, ಒಮ್ಮೆ ಲೆಕ್ಕ ಹಾಕಿ ನೋಡಿ. 13×13 ಅಂದರೆ 169 ಚದರ ಸೆಂ.ಮೀ. ಅದಕ್ಕೆ 12,000 ಹೊಲಿಗೆ ಎಂದರೆ ಚದರ ಸೆಂ.ಮೀ.ಗೆ 71, ಇದು ಸಾಮಾನ್ಯ. ಅದೇ 12,000 ಹೊಲಿಗೆ 9×9ರೊಳಗೆ, ಅಂದರೆ 81 ಚದರ ಸೆಂ.ಮೀ.ಗೆ ಬಿದ್ದರೆ ಚದರ ಸೆಂ.ಮೀ.ಗೆ 148. ಎರಡು ಪಟ್ಟಿಗಿಂತ ಜಾಸ್ತಿ! 0.4 ಮಿ.ಮೀ. ಅಂತರದಲ್ಲಿ ಇದ್ದ ಸಾಲುಗಳು 0.28ಕ್ಕೆ ಬಂದವು. 40 ನಂಬರಿನ ಎಂಬ್ರಾಯ್ಡರಿ ನೂಲಿನ ದಪ್ಪವೇ ಸುಮಾರು 0.4 ಮಿ.ಮೀ. ಕೂರಲು ಜಾಗ ಇಲ್ಲದ ನೂಲು ಪಕ್ಕದ ಬಟ್ಟೆಯನ್ನು ದೂಡ್ತದೆ, ಅದೇ ನಿಮ್ಮ ನೆರಿಗೆ. ಸೂಜಿ ಆಗಲೇ ಬಿದ್ದ ನೂಲಿನ ಮೇಲೆಯೇ ಇಳಿದು ಅದನ್ನು ಸೀಳ್ತದೆ, ಅದಕ್ಕೇ ತುಂಡಾಗುವುದು. ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಚುಚ್ಚಿದಾಗ ಕೈಮಗ್ಗದ ಎಳೆ ಕತ್ತರಿಸಿ ತೂತಾಗ್ತದೆ, ಅದರಲ್ಲೂ 14 ನಂಬರ್ ಸೂಜಿಗೆ. ಮೂರು ರೋಗಕ್ಕೆ ಒಂದೇ ಕಾರಣ.

ಡಿಎಸ್‌ಟಿ ಫೈಲಿನಲ್ಲಿ "ಇದು ಎಲೆ, ಇದು ಮೊಗ್ಗು" ಎಂಬ ಆಕಾರದ ಮಾಹಿತಿ ಇರುವುದಿಲ್ಲ, ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಇರ್ತದೆ. ಹಾಗಾಗಿ ಸಣ್ಣ ಮಾಡಿದಾಗ ಹೊಲಿಗೆಯ ಸಂಖ್ಯೆ ಕಡಿಮೆಯಾಗುವುದಿಲ್ಲ, ಒಂದಕ್ಕೊಂದು ಹತ್ತಿರ ಆಗ್ತವೆ ಅಷ್ಟೆ. ಹೊಲಿಗೆಯನ್ನು ಮರುಲೆಕ್ಕ ಮಾಡದ ಸಾಫ್ಟ್‌ವೇರಿನಲ್ಲಿ ಶೇ. 10ರಿಂದ 20ರ ಆಚೆ ಹೋಗಲೇಬಾರದು. ನೀವು ಶೇ. 31 ಇಳಿಸಿದ್ದೀರಿ. ಮಾರಿದವರ ಹತ್ತಿರ 9 ಸೆಂ.ಮೀ.ಯ ಫೈಲ್ ಕೇಳಿ, ಹೆಚ್ಚಿನವರು ಎರಡು ಮೂರು ಅಳತೆ ಇಟ್ಟಿರ್ತಾರೆ.

ಸಿಗದಿದ್ದರೆ ಇಂಕ್‌ಸ್ಕೇಪ್ ಜೊತೆ ಇಂಕ್‌ಸ್ಟಿಚ್ ಹಾಕಿಕೊಂಡು ನೀವೇ ಬರೆಯಿರಿ. ಮೊದಲನೆಯದು ಚಿತ್ರ ಬರೆಯುವ ಸಾಫ್ಟ್‌ವೇರ್, ಎರಡನೆಯದು ಆ ಚಿತ್ರವನ್ನು ಹೊಲಿಗೆಯ ಫೈಲ್ ಮಾಡುವಂಥದ್ದು, ಎರಡೂ ಉಚಿತ. ಮಲ್ಲಿಗೆ ಮೊಗ್ಗು ಕಲಿಯುವವರಿಗೆ ಹೇಳಿ ಮಾಡಿಸಿದ ಆಕಾರ: ಉದ್ದ 12, ಅಗಲ 3 ಮಿ.ಮೀ.ಯ ಒಂದು ಸ್ಯಾಟಿನ್ ಕಾಲಮ್ (ಅಡ್ಡಡ್ಡ ಒತ್ತಾಗಿ ಬೀಳುವ ಹೊಲಿಗೆಯ ಪಟ್ಟಿ) ಸಾಕು. ಅದಕ್ಕೆ ಜಿಗ್‌ಜ್ಯಾಗ್ ಅಂತರ 0.45 ಕೊಡಿ, ಒಂದು ಮೊಗ್ಗಿಗೆ 50-55 ಹೊಲಿಗೆ ಆಗ್ತದೆ. ಒಳಗೆ ಮಧ್ಯದಲ್ಲಿ ಓಡುವ, ಸ್ಯಾಟಿನ್ನಿನ ಅಡಿಗೆ ಮೊದಲು ಬೀಳುವ ಹೊಲಿಗೆಯ ಸಾಲು, ಅಂದರೆ ಒಂದು ಅಂಡರ್‌ಲೇ ಇರಲಿ. ಅದು ಇಲ್ಲದಿದ್ದರೆ ಮೊಗ್ಗು ಚಪ್ಪಟೆ ಕಾಣ್ತದೆ, ನೇರಳೆ ಬಣ್ಣ ಸಂದಿಯಲ್ಲಿ ಇಣುಕ್ತದೆ. ಪುಲ್ ಕಾಂಪೆನ್ಸೇಶನ್ (ಅಗಲವನ್ನು ಮೊದಲೇ ತುಸು ಹೆಚ್ಚಿಸುವುದು) 0.2 ಮಿ.ಮೀ. ಕೊಡಿ, ಯಾಕೆಂದರೆ ಸ್ಯಾಟಿನ್ ಯಾವಾಗಲೂ ಅಡ್ಡಕ್ಕೆ ಬಟ್ಟೆಯನ್ನು ಎಳೆದು ತಾನು ಸಪೂರ ಆಗ್ತದೆ. ದೊಡ್ಡ ಎಲೆಗೆ ಫಿಲ್ (ಸಾಲು ಸಾಲಾಗಿ ತುಂಬುವ ಹೊಲಿಗೆ) ಹಾಕುವುದಾದರೆ ಇಂಕ್‌ಸ್ಟಿಚ್‌ನಲ್ಲಿ ಸಾಲುಗಳ ಅಂತರ ಮೊದಲೇ 0.25 ಅಂತ ಇರ್ತದೆ. ಈ ಬಟ್ಟೆಗೆ ಅದು ವಿಪರೀತ. 0.45 ಮಾಡಿ.

ಒಂದು ಎಚ್ಚರಿಕೆ: ಈಗಿರುವ ಡಿಎಸ್‌ಟಿಯನ್ನೇ ಇಂಕ್‌ಸ್ಟಿಚ್‌ನಲ್ಲಿ ತೆರೆದರೆ ಅದೂ ಬರಿಯ ಹೊಲಿಗೆಗಳಾಗಿಯೇ ತೆರೆದುಕೊಳ್ತದೆ, ಅಂತರ ಬದಲಿಸಲು ಬರುವುದಿಲ್ಲ. ಅದನ್ನು ಅಡಿಯಲ್ಲಿಟ್ಟು ಮೇಲಿನಿಂದ ಹೊಸದಾಗಿ ಬರೆಯಬೇಕು.

ಗಂಜಿತಿಳಿ:

ಫೈಲ್ ಸರಿಯಾದರೂ ಬಟ್ಟೆ ಸಿದ್ಧ ಮಾಡದೆ ಹಾಕಿದರೆ ಮೊದಲ ಒಗೆತಕ್ಕೆ ಸುಕ್ಕು ತಿರುಗಿ ಬರ್ತದೆ. ಕೈಮಗ್ಗದ ಹತ್ತಿ ನೀರು ಬಿದ್ದರೆ ಕುಗ್ಗುವಂಥದ್ದು, ಕಸೂತಿಗೆ ಹಾಕುವ ಪಾಲಿಯೆಸ್ಟರ್ ನೂಲು ಕುಗ್ಗುವುದಿಲ್ಲ. ಆದ್ದರಿಂದ ಮೊದಲು ಸೆರಗನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಮಗ್ಗದಲ್ಲಿ ಹಾಕಿದ ಗಂಜಿ ಇದರಲ್ಲಿ ಸ್ವಲ್ಪ ಹೋಗ್ತದೆ, ಅದಕ್ಕೆ ಮತ್ತೆ ಗಂಜಿ ಹಾಕಬೇಕು. ಕುಚ್ಚಲಕ್ಕಿಯ ತಿಳಿ ಬೇಡ, ಅದರ ಕೆಂಪು ನೀರು ಬಟ್ಟೆಯಲ್ಲಿ ಕಲೆಯಾಗಿ ಕಾಣ್ತದೆ. ಒಂದು ದೊಡ್ಡ ಚಮಚ ಸಾಬಕ್ಕಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕಾಳು ಪಾರದರ್ಶಕ ಆಗುವವರೆಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಸೆರಗಿನ ಭಾಗಕ್ಕೆ ಮಾತ್ರ ಅದ್ದಿ. ಪೂರ್ತಿ ಒಣಗುವ ಮೊದಲೇ, ತೇವ ಇರುವಾಗ, ಹಾಸಿನ (ಉದ್ದದ ಎಳೆಯ) ದಿಕ್ಕಿನಲ್ಲಿ ಇಸ್ತ್ರಿ ಹಾಕಿ. ಓರೆಯಾಗಿ ಎಳೆದು ಇಸ್ತ್ರಿ ಹಾಕಿದರೆ ಎಳೆ ಸೊಟ್ಟಗಾಗ್ತದೆ, ಆಮೇಲೆ ಗೊಂಚಲೂ ಸೊಟ್ಟ.

ಸೆರಗಿನ ಹಿಂಬದಿ ಕಾಣುವಂಥದ್ದು. ಹಾಗಾಗಿ ಕತ್ತರಿಸಿ ಉಳಿಸುವ ದಪ್ಪ ಬ್ಯಾಕಿಂಗ್ ಇಲ್ಲಿ ಆಗುವುದಿಲ್ಲ, ಅದು ರವಿಕೆಗೆ ಸರಿ. ಹರಿದು ತೆಗೆಯುವ ಪೇಪರನ್ನು ಎಳೆಯುವಾಗ ತೆಳು ಹತ್ತಿಯ ಎಳೆಯೂ ಜಾರ್ತದೆ. ನೀರಿನಲ್ಲಿ ಕರಗುವ, ಪ್ಲಾಸ್ಟಿಕ್ ಹಾಳೆಯಂತಲ್ಲದ, ಬಟ್ಟೆಯ ಹಾಗೆ ಕಾಣುವ ಬ್ಯಾಕಿಂಗ್ ಬರ್ತದೆ. ಅದು ಎರಡು ಪದರ ಹಾಕಿ. ಹಾಳೆಯಂಥದ್ದು ಮೇಲಿನಿಂದ ಟವೆಲಿಗೆ, ವೆಲ್ವೆಟಿಗೆ ಹಾಕುವುದು. ಅಡಿಗೆ ಹಾಕಿದರೆ ಸೂಜಿ ಚುಚ್ಚಿದಲ್ಲಿ ಅಂಚೆಚೀಟಿಯ ಹಾಗೆ ಹರಿದು ಕೈಕೊಡ್ತದೆ.

ಫ್ರೇಮ್ ಹಾಕುವಾಗ ಹೆಚ್ಚಿನವರು ಮಾಡುವ ತಪ್ಪು ತಿರುಪು ಬಿಗಿ ಮಾಡಿದ ಮೇಲೆ ಬಟ್ಟೆಯನ್ನು ನಾಲ್ಕೂ ಕಡೆ ಎಳೆಯುವುದು. ಚೆಂಡೆಯ ಹಾಗೆ ಬಿಗಿ ಬೇಕು ಅಂತ ಹೇಳ್ತಾರಲ್ಲ, ಅದು ದಪ್ಪ ಬಟ್ಟೆಯ ಮಾತು. ಎಳೆದು ಹಿಗ್ಗಿಸಿದ ಹತ್ತಿ ಫ್ರೇಮ್ ಬಿಚ್ಚಿದ ಕೂಡಲೇ ತನ್ನ ಜಾಗಕ್ಕೆ ಹಿಂದೆ ಹೋಗ್ತದೆ, ಹೊಲಿಗೆ ಹೋಗುವುದಿಲ್ಲ. ಅಲ್ಲಿ ನೆರಿಗೆ. ಮೊದಲೇ ತಿರುಪು ಬೇಕಾದಷ್ಟು ಬಿಗಿ ಇಟ್ಟು, ಬ್ಯಾಕಿಂಗ್ ಮತ್ತು ಬಟ್ಟೆಯನ್ನು ಒಟ್ಟಿಗೆ ಮೇಲಿನಿಂದ ಒತ್ತಿ ಕೂರಿಸಿ. ಅಂಗೈ ಆಡಿಸಿದಾಗ ಸಮತಟ್ಟಾಗಿ, ಅಲೆ ಇಲ್ಲದೆ ಇದ್ದರೆ ಸಾಕು. ಒಳ ಫ್ರೇಮಿಗೆ ಕೋರಾ ಬಟ್ಟೆಯ ತೆಳು ಪಟ್ಟಿ ಸುತ್ತಿದರೆ ಜಾರುವುದಿಲ್ಲ, ಫ್ರೇಮಿನ ಗುರುತೂ ಬೀಳುವುದಿಲ್ಲ. ಅರ್ಧ ಹಾಕಿ ರಾತ್ರಿಯಿಡೀ ಫ್ರೇಮಿನಲ್ಲಿ ಬಿಡಬೇಡಿ.

ಮುಗಿದ ಮೇಲೆ ಬಿಸುಪು ನೀರಿನಲ್ಲಿ ಮೂರು ಸಲ ತೊಳೆದು ಬ್ಯಾಕಿಂಗ್ ಪೂರ್ತಿ ತೆಗೆಯಿರಿ. ಅಂಟು ಉಳಿದರೆ ಮೊಗ್ಗು ಹಪ್ಪಳದ ಹಾಗೆ ಗಟ್ಟಿ. ಫ್ಯಾನಿನ ಕೆಳಗೆ ಬೇಗ ಒಣಗಿಸಿ, ನಮ್ಮ ಆಷಾಢದಲ್ಲಿ ಗಂಜಿ ಇರುವ ಬಟ್ಟೆ ಎರಡು ದಿನ ಹಸಿ ಉಳಿದರೆ ಬೂಷ್ಟು ಖಂಡಿತ. ಇಸ್ತ್ರಿ ಹಿಂಬದಿಯಿಂದ, ಅಡಿಗೆ ದಪ್ಪ ಟವೆಲ್ ಹಾಸಿ.

ಬಾಬಿನ್‌ಕೇಸು:

ಬಾಬಿನ್ ನೂಲು ಮೇಲೆ ಕಾಣುವುದರ ಬಗ್ಗೆ. ಫೈಲ್ ಸರಿ ಮಾಡಿದ ಮೇಲೂ ಕಂಡರೆ ಕ್ರಮವಾಗಿ ನೋಡಿ: ಮೊದಲು ಪ್ರೆಶರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿಟ್ಟು ನೂಲು ಪೂರ್ತಿ ಬಿಚ್ಚಿ ಮತ್ತೆ ಹಾಕಿ. ಫೂಟ್ ಎತ್ತಿದಾಗ ಮಾತ್ರ ಟೆನ್ಶನ್ ಬಿಲ್ಲೆಗಳು ತೆರೆದಿರ್ತವೆ. ಇಳಿದಿರುವಾಗ ಹಾಕಿದರೆ ನೂಲು ಅದರೊಳಗೆ ಕೂರುವುದೇ ಇಲ್ಲ, ಅಡಿಯಲ್ಲಿ ಗುಬ್ಬಿಗೂಡು ಕಟ್ಟುವುದು ಹಾಗೆ. ಆಮೇಲೆ ಹೊಸ ಸೂಜಿ. 40 ನಂಬರ್ ನೂಲಿಗೆ ಎಂಬ್ರಾಯ್ಡರಿಯ 75/11 (ಅಂದರೆ 11 ನಂಬರ್) ಹಾಕಿ, ಅದರ ಕಣ್ಣು ಸಾದಾ ಸೂಜಿಗಿಂತ ದೊಡ್ಡದು. ಅಂಗಡಿಯಲ್ಲಿ ಚಪ್ಪಟೆ ಬುಡದ್ದು ಅಂತ ಹೇಳಿಯೇ ತೆಗೆದುಕೊಳ್ಳಿ, ಟೈಲರ್ ಅಂಗಡಿಯ ಜಾಕ್ ಕಂಪೆನಿಯ ದೊಡ್ಡ ಮೆಷಿನ್ನಿನ ದುಂಡು ಬುಡದ ಸೂಜಿ ಇದಕ್ಕೆ ಕೂರುವುದಿಲ್ಲ. ಬಾಬಿನ್ನಿಗೆ ಹೊಲಿಗೆಯ ಸ್ಪನ್ ನೂಲು ಸುತ್ತಿದ್ದೀರೋ ನೋಡಿ, ಅದು ದಪ್ಪ. 60 ಅಥವಾ 90 ನಂಬರಿನ ಬಾಬಿನ್ ನೂಲು ಬೇಕು. ಸೆರಗಾದ್ದರಿಂದ ಎಲೆ ಹಾಕುವಾಗ ಬಾಬಿನ್ನಿಗೂ ಹಸಿರು ಸುತ್ತಿಕೊಳ್ಳಿ, ಎರಡೂ ಬದಿ ಚಂದ.

ಇಷ್ಟಾದ ಮೇಲೆ ಟೆನ್ಶನ್. ಸ್ಯಾಟಿನ್ನಿನ ಹಿಂಬದಿ ತಿರುಗಿಸಿ ನೋಡಿದರೆ ನಡುವಿನ ಮೂರನೇ ಒಂದು ಭಾಗ ಬಾಬಿನ್ ನೂಲು, ಎರಡು ಬದಿ ಮೇಲಿನ ನೂಲು ಕಾಣಬೇಕು. ಎದುರಿನಿಂದ ಬಾಬಿನ್ ಕೇಸ್ ಹಾಕುವ ಮೆಷಿನ್ ಆದರೆ ಕೇಸನ್ನು ನೂಲಿನಲ್ಲಿ ನೇತಾಡಿಸಿ ಮೆಲ್ಲ ಕುಲುಕಿ: ಎರಡು ಮೂರು ಸೆಂ.ಮೀ. ಇಳಿದು ನಿಂತರೆ ಸರಿ, ಸರ್ರನೆ ನೆಲಕ್ಕೆ ಹೋದರೆ ಸಡಿಲ, ಅಲುಗದಿದ್ದರೆ ಬಿಗಿ. ಕೇಸಿನ ತಿರುಪನ್ನು ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋಗುವಷ್ಟು ಮಾತ್ರ ತಿರುಗಿಸಿ. ವೇಗ ನಿಮಿಷಕ್ಕೆ 400-500 ಹೊಲಿಗೆ ಸಾಕು.

ಮಳೆಗಾಲದಲ್ಲಿ ರೇಯಾನ್ ಬೇಡ, ಪಾಲಿಯೆಸ್ಟರ್ ಹಾಕಿ ಅಂತ ನನ್ನ ಅಭಿಪ್ರಾಯ. ಅದು ಗಾಳಿಯ ತೇವ ಕುಡಿಯುವ ನೂಲು, ಒದ್ದೆಯಾದಾಗ ಶಕ್ತಿ ಕಳೆದುಕೊಳ್ಳುವಂಥದ್ದು. ಕರಾವಳಿಯ ಜೂನ್-ಜುಲೈಯಲ್ಲಿ ತೆರೆದಿಟ್ಟ ರೀಲು ಹೇಗಿರ್ತದೆ ಊಹಿಸಿ. ಕರಗುವ ಬ್ಯಾಕಿಂಗನ್ನೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿ ಇರುವ ಡಬ್ಬದಲ್ಲಿಡಿ. ಕರೆಂಟ್ ಹೋದರೆ ಫ್ರೇಮ್ ಬಿಚ್ಚಬೇಡಿ. ಹೊಲಿಗೆಯ ಸಂಖ್ಯೆ ಆಗಾಗ ಬರೆದಿಟ್ಟುಕೊಳ್ಳಿ, ಕರೆಂಟ್ ಬಂದ ಮೇಲೆ ಅದಕ್ಕಿಂತ ಹತ್ತು ಹೊಲಿಗೆ ಹಿಂದಿನಿಂದ ಶುರು ಮಾಡಿ.

ಪೀಕೋಫಾಲ್:

ರೇಯಾನಿನ ಹೊಳಪು ಪಾಲಿಯೆಸ್ಟರಿಗೆ ಬರುವುದಿಲ್ಲ ಮಾರಾಯ್ರೆ, ಮಲ್ಲಿಗೆಯ ಮೃದು ಬಿಳಿ ಅದರಲ್ಲೇ ಚಂದ. ಡಬ್ಬದಲ್ಲಿಟ್ಟರೆ ತುಂಡಾಗುವುದೂ ಇಲ್ಲ.

ಎರಡನೇ ಪ್ರಶ್ನೆಗೆ: ಕಲಿಯಿರಿ, ಖಂಡಿತ ಕಲಿಯಿರಿ. ಇಂಥ ತೆಳು ಸೆರಗಿಗೆ ಕೈಯಿಂದ ಹಾಕಿದ್ದು ಹಗುರ ಬರ್ತದೆ, ಎಷ್ಟು ನೂಲು ತುಂಬಬೇಕು ಎಂಬುದು ನಿಮ್ಮ ಕೈಯಲ್ಲೇ ಇರ್ತದೆ. ಮನೆಯ ಕಪ್ಪು ಮೆಷಿನ್ ಸಾಕು, ಪೀಕೋ ಮಾಡುವ ಜಿಗ್‌ಜ್ಯಾಗ್ ಇದ್ದರೆ ಇನ್ನೂ ಒಳ್ಳೆಯದು. ಫೂಟ್ ತೆಗೆಯಿರಿ. ಬಟ್ಟೆ ದೂಡುವ ಹಲ್ಲು ಕೆಳಗಿಳಿಸಿ, ಇಳಿಯದ ಮೆಷಿನ್ ಆದರೆ ಹಲ್ಲು ಮುಚ್ಚುವ ತಗಡು ಹಾಕಿ. ಹೊಲಿಗೆಯ ಉದ್ದ ಸೊನ್ನೆ. ಫ್ರೇಮ್ 15-18 ಸೆಂ.ಮೀ.ಯ ತೆಳುವಾದ್ದು, ಕೈಕಸೂತಿಗೆ ಹಾಕುವುದಕ್ಕೆ ಉಲ್ಟಾ ಹಾಕಬೇಕು, ಬಟ್ಟೆ ಮೆಷಿನ್ನಿನ ಹಾಸಿಗೆ ತಾಗಿ ಕೂರುವ ಹಾಗೆ. ಫೂಟ್ ಇಲ್ಲದಿದ್ದರೂ ಅದರ ಲಿವರ್ ಇಳಿಸಲೇಬೇಕು. ಹೊಸಬರು ಇದನ್ನೇ ಮರೆಯುವುದು, ಲಿವರ್ ಮೇಲಿದ್ದರೆ ಟೆನ್ಶನ್ ಇಲ್ಲದೆ ಅಡಿಯಲ್ಲಿ ಗೋಜಲು. ಬಾಬಿನ್ ನೂಲನ್ನು ಮೇಲೆ ಎಳೆದುಕೊಂಡು, ಎರಡೂ ನೂಲು ಹಿಡಿದು ಮೂರು ನಾಲ್ಕು ಹೊಲಿಗೆ ಒಂದೇ ಜಾಗದಲ್ಲಿ ಹಾಕಿ ಶುರು.

ಕಾಲು ಒಂದೇ ಹದದಲ್ಲಿ ಓಡಬೇಕು, ಕೈ ನಿಧಾನ. ಕೈ ವೇಗವಾದರೆ ಹೊಲಿಗೆ ಉದ್ದ, ತಡೆದರೆ ಗಂಟು. ಸೂಜಿ ಬಟ್ಟೆಯೊಳಗೆ ಇರುವಾಗ ಫ್ರೇಮ್ ಎಳೆದರೆ ಸೂಜಿ ಬಾಗಿ ತಟ್ಟೆಗೆ ತಾಗಿ ಮುರೀತದೆ. ಬೆರಳು ಸೂಜಿಯಿಂದ 3 ಸೆಂ.ಮೀ. ದೂರವೇ ಇರಲಿ. ಕೋರಾ ಬಟ್ಟೆಯಲ್ಲಿ ಮೊದಲು ನೇರ ಗೆರೆ, ಆಮೇಲೆ ಸುರುಳಿ, ಆಮೇಲೆ 1 ಸೆಂ.ಮೀ.ಯ ಎಲೆ. ಎಲೆಯ ಎರಡು ಅಂಚು ಸಮ ಬರುವವರೆಗೆ ಸೀರೆ ಮುಟ್ಟಬೇಡಿ. ಹೊಲಿಗೆಯ ಬುನಾದಿಯೇ ಬೇಕಿದ್ದರೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ (ಸ್ವ ಉದ್ಯೋಗ ತರಬೇತಿ) ಸಂಸ್ಥೆ ಉಂಟು, ಬ್ರಹ್ಮಾವರದಲ್ಲೂ ಉಂಟು, ತರಬೇತಿ ಉಚಿತ.

ಮಲ್ಲಿಗೆದಂಡೆ:

ಇಂಕ್‌ಸ್ಟಿಚ್‌ನಲ್ಲಿ 9 ಸೆಂ.ಮೀ.ಗೆ ಹೊಸದಾಗಿ ಬರೆದೆ, 4,300 ಹೊಲಿಗೆ ಆಯ್ತು. ಹಳೆ ಹತ್ತಿ ಬಟ್ಟೆಯ ಮೇಲೆ 75/11 ಸೂಜಿಯಲ್ಲಿ ಸುಕ್ಕಿಲ್ಲದೆ ಬಂತು. ಇನ್ನೆರಡು: ಹಾಳಾದ ಗೊಂಚಲನ್ನು ಬಿಚ್ಚುವುದು ಹೇಗೆ? ಮತ್ತೆ ಸೀರೆಯ ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ನೇರಳೆ ಬಣ್ಣ ಅಂಟ್ತದೆ. ಬಿಳಿ ಮೊಗ್ಗಿನ ಗತಿ?

ಹಾಸುಹೊಕ್ಕು:

ಬಣ್ಣ ಬಿಡುವ ಸೀರೆ ಅಂತಾದರೆ ರೇಯಾನ್-ಪಾಲಿಯೆಸ್ಟರ್ ಚರ್ಚೆ ಅಲ್ಲಿಗೇ ಮುಗೀತು. ರೇಯಾನೂ ಹತ್ತಿಯ ಹಾಗೆ ಸೆಲ್ಯುಲೋಸ್. ಹತ್ತಿಗೆ ಹಿಡಿಯುವ ಬಣ್ಣ ಅದಕ್ಕೂ ಹಿಡೀತದೆ, ಮಲ್ಲಿಗೆ ನೇರಳೆಯಾಗ್ತದೆ. ಪಾಲಿಯೆಸ್ಟರ್ ಆ ಬಣ್ಣವನ್ನು ಕುಡಿಯುವುದಿಲ್ಲ. ಆದರೂ ಕಸೂತಿಗೆ ಮೊದಲೇ ಇಡೀ ಸೀರೆಯನ್ನು ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ತದೆ ಅಂತ ನಂಬಿ ಕೂರಬೇಡಿ, ಸಡಿಲ ಬಣ್ಣ ತೊಳೆದೇ ಹೋಗಬೇಕು. ಬ್ಯಾಕಿಂಗ್ ಕರಗಿಸುವಾಗ ಬಿಸುಪು ನೀರು ಬೇಡ, ತಣ್ಣೀರಿನಲ್ಲೇ ಇನ್ನೆರಡು ಸಲ ಜಾಸ್ತಿ ತೊಳೆಯಿರಿ. ಒದ್ದೆ ಸೆರಗನ್ನು ಮಡಚಿ ಇಡಲೇಬಾರದು.

ಗಂಜಿತಿಳಿ:

ಬಿಚ್ಚುವುದು ಹಿಂಬದಿಯಿಂದ. ಸೀಮ್ ರಿಪ್ಪರಿನಿಂದ (ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ) ಬಾಬಿನ್ ನೂಲನ್ನು ಮಾತ್ರ ನಾಲ್ಕೈದು ಹೊಲಿಗೆಗೊಂದು ಕಡೆ ಕತ್ತರಿಸುತ್ತಾ ಹೋಗಿ, ಆಮೇಲೆ ಎದುರಿನಿಂದ ಮೇಲಿನ ನೂಲನ್ನು ಚಿಮುಟದಲ್ಲಿ ಎತ್ತಿ. ಎದುರಿನಿಂದ ಬ್ಲೇಡ್ ಹಾಕಿದರೆ ಸೀರೆಯ ಎಳೆಯೇ ಹೋಗ್ತದೆ. ಬಿಚ್ಚಿದ ಜಾಗಕ್ಕೆ ನೀರು ಚಿಮುಕಿಸಿ, ಹಾಸು ಮತ್ತು ಹೊಕ್ಕಿನ ದಿಕ್ಕಿನಲ್ಲಿ ಉಗುರಿನಿಂದ ಮೆಲ್ಲ ಕೆರೆದರೆ ಸರಿದ ಎಳೆ ತಿರುಗಿ ಕೂರ್ತದೆ. ಕತ್ತರಿಸಿದ ಎಳೆಯ ತೂತು ಮಾತ್ರ ಮುಚ್ಚುವುದಿಲ್ಲ. ಅಲ್ಲಿಗೆ ಅದೇ ಸೀರೆಯ ರವಿಕೆ ಕಣದಿಂದ ತೂತಿಗಿಂತ ಸುತ್ತಲೂ 1 ಸೆಂ.ಮೀ. ದೊಡ್ಡ ತುಂಡು ತೆಗೆದು, ದಿಕ್ಕು ಹೊಂದಿಸಿ ಅಡಿಯಿಂದ ಕಚ್ಚಾ ಹೊಲಿಗೆ ಹಾಕಿ, ಹೊಸ ಗೊಂಚಲು ಅದರ ಮೇಲೆಯೇ ಬರುವ ಹಾಗೆ ಮಾಡಿ. ಮುಗಿದ ಮೇಲೆ ಅಂಚಿನ ಹೆಚ್ಚುವರಿಯನ್ನು ಹೊಲಿಗೆಯಿಂದ 2 ಮಿ.ಮೀ. ಬಿಟ್ಟು ಕತ್ತರಿಸಿ.