ಹುಟ್ಟು ಹಾಕುವ ಸಣ್ಣ ದೋಣಿಗೆ ನೋಂದಣಿ, ತೆರಿಗೆ ಇದೆಯಾ?

ಹೊಳೆಬದಿ ಮನೆ:
ಕೋಡಿ ಬೆಂಗ್ರೆ ಹತ್ತಿರ ಸ್ವರ್ಣಾ ಹೊಳೆ ದಂಡೆಯಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಬಂದವರೆಲ್ಲ ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಇದೆಯಾ ಅಂತ ಕೇಳುತ್ತಾರೆ. ಎರಡು ಕಯಾಕ್, ಒಂದು ಪೆಡಲ್ ಬೋಟ್ ತಗೊಳ್ಳೋಣ ಅಂತ ಇದ್ದೇವೆ. ಮೋಟರ್ ಇಲ್ಲ. ಒಬ್ಬರು ಆರ್‌ಟಿಒಗೆ ಹೋಗಿ ಅಂತಾರೆ, ಇನ್ನೊಬ್ಬರು ಬಂದರು ಇಲಾಖೆ ಅಂತಾರೆ, ಮತ್ತೊಬ್ಬರು ಏನೂ ಬೇಡ ಸುಮ್ನೆ ಇಳಿಸಿ ಅಂತಾರೆ. ರೋಡ್ ಟ್ಯಾಕ್ಸ್ ತರಹದ್ದು ಏನಾದರೂ ಕಟ್ಟಬೇಕಾ? ಜಿಎಸ್‌ಟಿ ಎಷ್ಟು ಬೀಳುತ್ತೆ?

ದಕ್ಕೆ ಹುಡುಗ:
ಆರ್‌ಟಿಒ ಬಿಟ್ಟುಬಿಡಿ ಮಾರಾಯ್ರೆ. ಅದು ರಸ್ತೆ ಮೇಲೆ ಓಡುವ ಗಾಡಿಗೆ. ದೋಣಿಗೆ ರೋಡ್ ಟ್ಯಾಕ್ಸ್ ಇಲ್ಲ.

ಹೊಳೆ, ಕೆರೆ, ಹಿನ್ನೀರಿನ ದೋಣಿಗಳಿಗೆ ಈಗ ಇರುವುದು 2021ರ ಒಳನಾಡು ಹಡಗು ಕಾಯ್ದೆ. 1917ರ ಹಳೇ ಕಾಯ್ದೆ ತೆಗೆದು ಇದನ್ನು ತಂದರು. ಇದರಲ್ಲಿ ಮೋಟರ್ ಇರುವುದು, ಇಲ್ಲದ್ದು ಅಂತ ಎರಡು ದಾರಿ. ಮೋಟರ್ ಇದ್ದರೆ ಸರ್ವೆ (ದೋಣಿಯ ತಪಾಸಣೆ), ನೋಂದಣಿ, ವಿಮೆ, ನಡೆಸುವವನಿಗೆ ಸರ್ಟಿಫಿಕೇಟ್, ಎಲ್ಲ ಬೇಕು. ಮೋಟರ್ ಇಲ್ಲದ ದೋಣಿಗೆ ಅಷ್ಟು ದೊಡ್ಡ ಕೆಲಸ ಇಲ್ಲ. ಅದನ್ನು ಸ್ಥಳೀಯವಾಗಿ ಪಟ್ಟಿಗೆ ಸೇರಿಸಿ ಒಂದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ, ಆ ಕೆಲಸವನ್ನು ಜಿಲ್ಲೆ, ತಾಲೂಕು, ಪಂಚಾಯತಿ ಮಟ್ಟಕ್ಕೆ ಬಿಟ್ಟುಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗಾಗಿ ಮೊದಲು ಪಿಡಿಒ ಹತ್ತಿರ ಕೇಳಿ, ಆಮೇಲೆ ಬಂದರು ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಇನ್ನೊಂದು, ನೀವು ದುಡ್ಡು ತಗೊಂಡು ಜನರನ್ನು ಕೂರಿಸುತ್ತೀರಿ ಅಲ್ವಾ. ಮನೆಯವರು ಮೀನು ಹಿಡಿಯೋಕೆ ಹೋಗುವ ದೋಣಿಗೂ ಇದಕ್ಕೂ ಬಹಳ ವ್ಯತ್ಯಾಸ. ಪ್ರವಾಸೋದ್ಯಮ ಇಲಾಖೆಯಲ್ಲೂ ವಿಚಾರಿಸಲೇಬೇಕು.

ಲೆಕ್ಕಪತ್ರ:
ಜಿಎಸ್‌ಟಿ ಬಗ್ಗೆ ನಾನು ಹೇಳ್ತೀನಿ. ದೋಣಿ ಬಿಲ್‌ನಲ್ಲಿ ಎಚ್‌ಎಸ್‌ಎನ್ (ಯಾವ ಬಗೆಯ ಸರಕು ಅಂತ ಹೇಳುವ ನಂಬರ್) ಅಂತ ಒಂದು ಕಾಲಂ ಇರುತ್ತೆ, ಅಲ್ಲಿ 8903 ಅಂತ ಕಾಣುತ್ತೆ. ಮೊದಲು ಅದಕ್ಕೆಲ್ಲ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದೇ ನಂಬರ್ ಒಳಗೆ ಎರಡು ದರ ಆಗಿದೆ: ಹುಟ್ಟು ಹಾಕುವ ದೋಣಿ, ಕನೂಗೆ 18%, ಯಾಟ್ ಮತ್ತು ಮೋಜಿನ ದೋಣಿಗಳಿಗೆ 40%. ಪೆಡಲ್ ಬೋಟನ್ನು ಅಂಗಡಿಯವರು ಎರಡನೇ ಸಾಲಿಗೆ ಹಾಕಬಹುದು. ಅಡ್ವಾನ್ಸ್ ಕೊಡುವ ಮುಂಚೆ ಯಾವ ದರ ಹಾಕ್ತೀರಿ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಆಮೇಲೆ ಜಗಳ ಬೇಡ.

ಬಾಡಿಗೆ ದುಡ್ಡಿನ ಮೇಲೆ? ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಕಯಾಕ್‌ನದ್ದು ಮಾತ್ರ ಲೆಕ್ಕ ಅಲ್ಲ, ಒಂದೇ ಪ್ಯಾನ್‌ನಲ್ಲಿ ಹೋಮ್‌ಸ್ಟೇ ರೂಮಿನ ದುಡ್ಡೂ ಸೇರುತ್ತೆ. ಆದಾಯ ತೆರಿಗೆಯಲ್ಲೂ ಇದನ್ನು ತೋರಿಸಿ.

ಕಾಂಡ್ಲಾ ಕಾವಲು:
ಕಾಗದ ಆಯ್ತು, ಜೀವದ ಮಾತೂ ಆಗಲಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಕಾರವಾರಕ್ಕೆ ಬರುವಾಗ ದೋಣಿ ಮಗುಚಿ 16 ಜನ ಹೋದರು. ದಯವಿಟ್ಟು ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇರೆ ಇಡಿ. ಹಾಕಿಸಿದ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಬಂತು ಅಂದರೆ ಅದು ಆ ಮಗುವಿಗೆ ದೊಡ್ಡದು, ನೀರಿಗೆ ಬಿದ್ದರೆ ಕಳಚಿಕೊಳ್ಳುತ್ತೆ. ಒಂದು ಶಿಳ್ಳೆನೂ ಕಟ್ಟಿ.

ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಕಡೆ ಯಾರನ್ನೂ ಬಿಡಬೇಡಿ. ಇಳಿತದ ಹೊತ್ತಲ್ಲಿ ಸೆಳೆತ ಜಾಸ್ತಿ, ಹೊಸಬರಿಗೆ ಹುಟ್ಟು ಹಾಕಿ ವಾಪಸ್ ಬರೋಕೆ ಆಗಲ್ಲ. ದಂಡೆಯಲ್ಲಿ ಶೆಡ್ ಅಥವಾ ಮರದ ಕಟ್ಟೆ ಮಾಡುವುದಾದರೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಬರುತ್ತೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯಲೇಬೇಡಿ.

ಹೊಳೆಬದಿ ಮನೆ:
ಎಲ್ಲರಿಗೂ ಥ್ಯಾಂಕ್ಸ್. ಕಯಾಕ್‌ಗೆ ಸಣ್ಣ ಬ್ಯಾಟರಿ ಮೋಟರ್ ಸಿಗುತ್ತಂತೆ, ವಯಸ್ಸಾದವರಿಗೆ ಸುಲಭ ಅಂತ ಯೋಚನೆ. ಅದಕ್ಕೂ ಇದೇನಾ?

ದಕ್ಕೆ ಹುಡುಗ:
ಬ್ಯಾಟರಿ ಆದರೂ ಮೋಟರ್ ಮೋಟರೇ. ಆಗ ಸರ್ವೆ, ನೋಂದಣಿ, ವಿಮೆಯ ಕಡೆಗೆ ಹೋಗ್ತೀರಿ. ವಯಸ್ಸಾದವರಿಗೆ ಇಬ್ಬರು ಕೂರುವ ಕಯಾಕ್ ತಗೊಳ್ಳಿ, ಹಿಂದೆ ನಿಮ್ಮ ಹುಡುಗ ಕೂತು ಹುಟ್ಟು ಹಾಕಲಿ.