ಧ್ಯಾನಕ್ಕೆ ಕೂತರೆ ಮೈಯೆಲ್ಲ ಬಿಗಿ: ನಮ್ಮ ಧ್ಯಾನದ ಗುಂಪಿನಲ್ಲಿ ಶಿಕ್ಷಕಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಕಣ್ಣು ಮುಚ್ಚಿ 5 ನಿಮಿಷ ಆಗುವಷ್ಟರಲ್ಲಿ ಭುಜ ಬಿಗಿದು ಕಿವಿಯ ಹತ್ತಿರ ಬಂದಿರುತ್ತದೆ. ಇಳಿಸಿದರೆ ಮತ್ತೆ ಏರುತ್ತದೆ. ಏನು ಮಾಡಲಿ?

ಶಿಕ್ಷಕಿ: ಇಳಿಸುವ ಹಟ ಬಿಡಿ. ಏರಿದೆ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಉಸಿರು ಹೊರಗೆ ಹೋಗುವಾಗ ತಾನಾಗಿ ಇಳಿದರೆ ಇಳಿಯಲಿ, ಇಲ್ಲದಿದ್ದರೆ ಇರಲಿ.

ಪ್ರಶ್ನೆ: ಒಂದು ತಿಂಗಳಿಂದ ದಿನಾ 2 ಗಂಟೆ ಕೂರುತ್ತಿದ್ದೇನೆ, ಹುಬ್ಬುಗಳ ನಡುವೆ ಗಮನ ಇಟ್ಟು. ಈಗ ಅಲ್ಲಿ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಎದ್ದ ಮೇಲೂ ಹೋಗುವುದಿಲ್ಲ. 4 ದಿನದಿಂದ ನಿದ್ದೆ ಸರಿಯಿಲ್ಲ. ಇನ್ನೂ ಜಾಸ್ತಿ ಕೂತರೆ ಕರಗುತ್ತದಾ?

ಶಿಕ್ಷಕಿ: ಇಲ್ಲ. ದಯವಿಟ್ಟು ಜಾಸ್ತಿ ಮಾಡಬೇಡಿ. ಓದಿ ಕಳವಳ ಆಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಗಮನ ಇಡು ಅಂದರೆ ನಾವು ಕಣ್ಣಿಂದ ಒತ್ತಲು ಶುರು ಮಾಡುತ್ತೇವೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಮೇಲಕ್ಕೆ ಎಳೆದುಕೊಂಡಿರುತ್ತದೆ, ಹಣೆ ಗಂಟಾಗುತ್ತದೆ, ಹಲ್ಲು ಕಚ್ಚಿರುತ್ತೇವೆ. ಆ ಬಿಗಿಯನ್ನೇ ಏಕಾಗ್ರತೆ ಅಂದುಕೊಳ್ಳುತ್ತೇವೆ. ಆಮೇಲೆ ಅದು ಹೋಗಲಿ, ಹೋಗಲಿ ಅಂತ ಕಾಯುತ್ತಾ ಕೂರುತ್ತೇವೆ. ಬಿಗಿಯ ಮೇಲೆ ಇನ್ನೊಂದು ಬಿಗಿ ಬೀಳುತ್ತದೆ.

ಹುಬ್ಬಿನ ನಡುವಿನ ಗಮನ ಇವತ್ತೇ ನಿಲ್ಲಿಸಿ. 10 ನಿಮಿಷ ಸಾಕು, ಕಣ್ಣು ಅರೆ ತೆರೆದು. ನಾಲಿಗೆ ಸಡಿಲ ಬಿಡಿ, ಮೇಲಿನ ಹಲ್ಲು ಕೆಳಗಿನದಕ್ಕೆ ತಾಗದಿರಲಿ. ಗಮನ ಅಂಗಾಲಿಗೆ: ನೆಲ ತಣ್ಣಗಿದೆಯಾ, ಒರಟಾಗಿದೆಯಾ? ಹಣೆಯ ಒತ್ತಡ ಇದ್ದರೆ ಇರಲಿ, ಪಕ್ಕದ ಕೋಣೆಯ ಸದ್ದಿನ ಹಾಗೆ. ಓಡಿಸಬೇಡಿ, ಕಿವಿಗೊಟ್ಟು ಕೂರಲೂ ಬೇಡಿ. ಎದೆ ಡವಗುಟ್ಟಿದರೆ ಎದ್ದು ನಡೆದಾಡಿ. ನಿದ್ದೆ ಹೀಗೇ ಕೆಟ್ಟರೆ ಧ್ಯಾನ ಬಿಟ್ಟು ವೈದ್ಯರನ್ನು ನೋಡಿ.

ಸದಸ್ಯ: ನನಗೊಂದು ಫಾರ್ವರ್ಡ್ ಬಂದಿದೆ. ಜೋರಾಗಿ 30 ಸಲ ಉಸಿರಾಡಿ 1 ನಿಮಿಷ ಉಸಿರು ಹಿಡಿದರೆ ಎಂಥ ಬಿಗಿಯೂ ಮಾಯವಂತೆ.

ಶಿಕ್ಷಕಿ: ಬೇಡ. ಹಾಗೆ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಬಿಪಿ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ಇದರ ಹತ್ತಿರವೂ ಹೋಗಬಾರದು. ಈ ಗುಂಪಿನಲ್ಲಿ ಇದು ಮೂರನೇ ಸಲ ಬರುತ್ತಿದೆ. ಹಾಕುವ ಮುಂಚೆ ಒಮ್ಮೆ ಕೇಳಬಾರದಾ?

ಪ್ರಶ್ನೆ: ಮಲಗಿಕೊಂಡು ಮಾಡಬಹುದಾ?

ಹಳೇ ಸದಸ್ಯ: ಬಿಗಿ ಬಂದರೂ ಅಲುಗಾಡದೆ ಕೂರಬೇಕು. ಯೋಗಸೂತ್ರದಲ್ಲಿ ಪತಂಜಲಿ ಹೇಳಿದ್ದು 'ಸ್ಥಿರ' ಅಂತ.

ಇನ್ನೊಬ್ಬ ಸದಸ್ಯೆ: ಪೂರ್ತಿ ಹೇಳಿ. 'ಸ್ಥಿರಸುಖಮಾಸನಂ', ಆಸನ ಸ್ಥಿರವೂ ಇರಬೇಕು, ಸುಖವೂ ಇರಬೇಕು ಅಂತ. ಸುಖ ಎಲ್ಲಿ ಬಿಟ್ಟಿರಿ?

ಹಳೇ ಸದಸ್ಯ: ಸುಖ ಹುಡುಕುವವರಿಗೆ ಧ್ಯಾನ ಯಾಕೆ?

ಸದಸ್ಯೆ: ಮಂಡಿನೋವಲ್ಲೇ ಎರಡು ವರ್ಷ ಕೂತವಳು ನಾನು. ನನಗೆ ಪಾಠ ಬೇಡ.

ಹಳೇ ಸದಸ್ಯ: ಹಾಗಾದರೆ ಸುಮ್ನೆ ಇರಿ.

ಶಿಕ್ಷಕಿ: ಇಬ್ಬರೂ ಅದರ ಮುಂದಿನ ಸೂತ್ರ ಓದಿ. 'ಪ್ರಯತ್ನಶೈಥಿಲ್ಯ' ಅಂತಲೇ ಶುರುವಾಗುತ್ತದೆ. ಪ್ರಯತ್ನ ಸಡಿಲವಾದಾಗ ಆಸನ ನೆಲೆಯಾಗುತ್ತದೆ. ಹಲ್ಲು ಕಚ್ಚಿ ಕೂರುವುದು ಸ್ಥಿರ ಅಲ್ಲ. ಈ ಜಗಳ ಇಲ್ಲಿಗೆ ಸಾಕು.

ಪ್ರಶ್ನೆ: ಮೇಡಂ, ಭುಜ ಬಿಗಿ ಹಿಡಿಯುತ್ತದೆ, ಪರಿಹಾರ?

ಶಿಕ್ಷಕಿ: ಮೊದಲ ಉತ್ತರ ಓದಿ.

ಸದಸ್ಯ: ಆದರೆ ಆ ಫಾರ್ವರ್ಡ್‌ನಲ್ಲಿ ಡಾಕ್ಟರ್ ಹೆಸರೇ ಇದೆಯಲ್ಲ?

ಶಿಕ್ಷಕಿ: ಆ ಡಾಕ್ಟರ್ ನಿಮ್ಮ ನಾಡಿ ಹಿಡಿದು ನೋಡಿಲ್ಲ. ಪೋಸ್ಟ್ ತೆಗೆಯಿರಿ.

ಶಿಕ್ಷಕಿ (ಮರುದಿನ): ಹಣೆಯ ಒತ್ತಡ ಅಂದವರು ಇದ್ದೀರಾ? ರಾತ್ರಿ ನಿದ್ದೆ ಬಂತಾ?

ಉತ್ತರ: 3 ಗಂಟೆಗೆ ಬಂತು ಮೇಡಂ. ಬೆಳಗ್ಗೆ 10 ನಿಮಿಷ ಕೂತೆ. ಹಲ್ಲು ಕಚ್ಚಿರುತ್ತೇನೆ ಅಂತ ಮೊದಲ ಸಲ ಗೊತ್ತಾಯಿತು. ಒತ್ತಡ ಹಾಗೇ ಇದೆ.

ಶಿಕ್ಷಕಿ: ಇರಲಿ. ನಾಳೆ 5 ನಿಮಿಷ ಸಾಕು. ಸಂಜೆ ಕೂರಲೇಬೇಡಿ. ಇವತ್ತೂ ನಿದ್ದೆ ಬರದಿದ್ದರೆ ನಾಳೆ ವೈದ್ಯರಿಗೆ ತೋರಿಸಿ, ಅವರು ಏನಂದರು ಅಂತ ನನಗೆ ಬರೆಯಿರಿ.