ಉಚ್ಚೆ ಪಾಟಿಯಲ್ಲಿ, ಕಕ್ಕಕ್ಕೆ ಮಾತ್ರ ಡೈಪರ್ ಬೇಕು ಅಂತಾಳೆ

ಮಂಡ್ಯ_ಅಮ್ಮ:
ಮಗಳಿಗೆ 2 ವರ್ಷ 7 ತಿಂಗಳು. ಉಚ್ಚೆ ಬಂದರೆ ಹೇಳಿ ಪಾಟಿ (ಮಕ್ಕಳು ಕೂರೋ ಪುಟ್ಟ ಟಾಯ್ಲೆಟ್ ಸೀಟು) ಮೇಲೆ ಕೂರ್ತಾಳೆ. ಕಕ್ಕ ಬಂದಾಗ ಮಾತ್ರ ಬೀರು ಮರೆಗೆ ಹೋಗಿ ನಿಂತು ಡೈಪರ್ ಹಾಕು ಅಂತಾಳೆ. ಹಾಕದಿದ್ದರೆ ಮೂರು ದಿನವಾದರೂ ತಡ್ಕೋತಾಳೆ. ನಿನ್ನೆ ಕಲ್ಲಿನ ಹಾಗೆ ಗಟ್ಟಿಯಾಗಿ ಹೋಯ್ತು, ಮೇಲೆ ಒಂದು ಗೆರೆ ರಕ್ತ ಇತ್ತು. ಹಾಲು ದಿನಕ್ಕೆ ನಾಲ್ಕು ಲೋಟ. ಅತ್ತೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಗುದದೊಳಗೆ ಇಡೋಣ ಅಂತಾರೆ. ಜೂನ್‌ಗೆ ಪ್ಲೇ ಹೋಂಗೆ ಸೇರಿಸಬೇಕು. ಡೈಪರ್ ಒಂದೇ ಸಲ ನಿಲ್ಲಿಸಿಬಿಡಲಾ?

ಮಕ್ಕಳ_ವಾರ್ಡ್_ಮೈಸೂರು:
ಬೇಡಮ್ಮ, ಈಗ ನಿಲ್ಲಿಸಬೇಡಿ. ಕೇಳಿದ ತಕ್ಷಣ ಡೈಪರ್ ಹಾಕಿ. ಇದು ಹಟ ಅಲ್ಲ, ನೋವಿನ ಭಯ. ಗಟ್ಟಿ ಮಲ ಹೊರಗೆ ಬರುವಾಗ ಅಂಚಿನಲ್ಲಿ ಚರ್ಮ ಸೀಳುತ್ತೆ, ಆ ಕೆಂಪು ಗೆರೆ ಸಾಮಾನ್ಯವಾಗಿ ಅಲ್ಲಿಂದಲೇ. ನೋವಾದ ಮಗು ಮುಂದಿನ ಸಲ ತಡೆಯುತ್ತೆ. ತಡೆದಷ್ಟೂ ಕರುಳು ನೀರು ಹೀರಿಕೊಳ್ಳುತ್ತೆ, ಮಲ ಇನ್ನೂ ಗಟ್ಟಿಯಾಗುತ್ತೆ. ಈ ಸುತ್ತು ಕಡಿಯದೆ ಪಾಟಿ ಕಲಿಸೋಕೆ ಆಗಲ್ಲ.

ಅವಳನ್ನ ಗಮನಿಸಿ ನೋಡಿ: ತುದಿಗಾಲಲ್ಲಿ ನಿಲ್ಲೋದು, ಕಾಲು ಹೆಣೆದುಕೊಳ್ಳೋದು, ಕಿಟಕಿ ಸರಳು ಹಿಡಿದು ಮುಖ ಕೆಂಪಗೆ ಮಾಡ್ಕೊಳ್ಳೋದು. ಮನೆಯವರು ತಿಣುಕುತ್ತಿದ್ದಾಳೆ ಅಂದ್ಕೋತಾರೆ, ನಿಜಕ್ಕೂ ಅವಳು ಒಳಗೆ ಬಿಗಿ ಹಿಡಿದಿರ್ತಾಳೆ. ಆಗ "ತಿಣುಕು ತಿಣುಕು" ಅಂತ ಒತ್ತಾಯ ಮಾಡಬೇಡಿ.

ತೊಟ್ಟು, ಸೋಪಿನ ಕಡ್ಡಿ ಯಾವುದೂ ಬೇಡ. ನೊಂದ ಜಾಗಕ್ಕೇ ಮತ್ತೆ ಕೈ ಹಾಕಿದರೆ ಭಯ ದುಪ್ಪಟ್ಟಾಗುತ್ತೆ. ಅತ್ತೆಯವರಿಗೆ ಗಾಯ ಇದೆ ಅಂತ ಹೇಳಿ, ಒಪ್ತಾರೆ. ಕುಡಿಯೋಕೆ ಹರಳೆಣ್ಣೆ ಕೊಡೋದೂ ಬೇಡ.

ಹಾಲನ್ನ ದಿನಕ್ಕೆ 400–500 ಮಿ.ಲೀ. ಒಳಗೆ ತನ್ನಿ. ನಾಲ್ಕು ಲೋಟ ಹಾಲು ಕುಡಿದ ಹೊಟ್ಟೆಗೆ ಊಟ ಸೇರಲ್ಲ, ನಾರು ಇಲ್ಲದೆ ಮಲ ಕಟ್ಟುತ್ತೆ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಸೊಪ್ಪಿನ ಸಾರಲ್ಲಿ ಮೆತ್ತಗಿನ ಮುದ್ದೆ, ಸಂಜೆ ಪಪ್ಪಾಯಿ ಅಥವಾ ಸಪೋಟ. ರಾತ್ರಿ ನೆನೆಸಿದ ಎಂಟು ಹತ್ತು ಒಣದ್ರಾಕ್ಷಿ ಕಿವುಚಿ ನೀರಿನ ಸಮೇತ ಕೊಡಿ. ಬಾಳೆಹಣ್ಣು ಪೂರ್ತಿ ಕಳಿತಿದ್ದರೆ ಮಾತ್ರ.

ರಕ್ತ ಕಂಡಿದೆ, ಮೂರು ದಿನ ತಡೀತಾಳೆ, ಹಾಗಾಗಿ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೂ ಮಕ್ಕಳ ವಿಭಾಗ ಇದೆ. ಮಲ ಮೆದು ಮಾಡುವ ಸಿರಪ್ ಬರೆದುಕೊಟ್ಟರೆ ನಾಲ್ಕು ದಿನಕ್ಕೆ ಸರಿಹೋಯ್ತು ಅಂತ ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ ಆಗೋ ತಪ್ಪು ಇದೇ. ಭಯ ಮರೆಯೋಕೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಹೊಟ್ಟೆ ಉಬ್ಬರ, ವಾಂತಿ, ಜ್ವರ ಇದ್ದರೆ ಅದೇ ದಿನ ಕರ್ಕೊಂಡು ಹೋಗಿ.

ಇನ್ನೊಂದು ವಿಷಯ. ಚಡ್ಡಿಯಲ್ಲಿ ನೀರು ನೀರಾಗಿ ಅಂಟಿದ್ದರೆ ಭೇದಿ ಅಂತ ಔಷಧಿ ಕೊಡಬೇಡಿ. ಒಳಗಿನ ಗಟ್ಟಿ ಗಡ್ಡೆಯ ಪಕ್ಕದಿಂದ ತೆಳ್ಳಗಿನದು ಸೋರುತ್ತಿರಬಹುದು.

ಅಂಗನವಾಡಿ_ಟೀಚರ್:
ಮಲ ಎರಡು ವಾರ ಮೆತ್ತಗೆ ಹೋದ ಮೇಲೆ ಪಾಟಿಗೆ ಬನ್ನಿ. ಮೊದಲು ಡೈಪರ್ ಹಾಕ್ಕೊಂಡೇ ಬೀರು ಮರೆಯ ಬದಲು ಬಚ್ಚಲಲ್ಲಿ ನಿಂತು ಮಾಡಲಿ. ಅದು ಸಲೀಸಾದರೆ ಡೈಪರ್ ಸಮೇತ ಪಾಟಿ ಮೇಲೆ ಕೂರಿಸಿ. ಆಮೇಲೆ ಅಂಟು ಸಡಿಲ ಬಿಡಿ. ಮುಂದೆ ಡೈಪರ್ ಬಿಚ್ಚಿ ಪಾಟಿಯ ಬಟ್ಟಲೊಳಗೆ ಹಾಸಿ. ಯಾವ ಹಂತದಲ್ಲಿ ಅತ್ತರೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಗದರಬೇಡಿ.

ಹೊತ್ತು ಮುಖ್ಯ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುತ್ತೆ, ಆದ್ದರಿಂದ ತಿಂಡಿ ಆಗಿ 15–30 ನಿಮಿಷಕ್ಕೆ ಕೂರಿಸಿ, ಐದು ನಿಮಿಷದ ಮೇಲೆ ಬೇಡ. ಬಂದರೂ ಬರದಿದ್ದರೂ ಕೂತಿದ್ದಕ್ಕೇ ಜಾಣೆ ಅನ್ನಿ. ಪಾದ ನೆಲಕ್ಕೆ ಪೂರ್ತಿ ಊರಿರಬೇಕು, ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕು. ಕಾಲು ತೂಗಾಡಿದರೆ ಬೀಳದ ಹಾಗೆ ಮೈ ಬಿಗಿಯುತ್ತೆ, ಹೊರಗೆ ಬಿಡೋ ಜಾಗವೂ ಬಿಗಿಯುತ್ತೆ. ಕೈಗೆ ಪೀಪಿ ಕೊಟ್ಟು ಊದಿಸಿ. ಊದುವಾಗ ಹೊಟ್ಟೆ ತಾನೇ ಒತ್ತುತ್ತೆ. ಬಲೂನ್ ಮಾತ್ರ ಕೊಡಬೇಡಿ, ಒಡೆದ ಚೂರು ಗಂಟಲಿಗೆ ಸಿಕ್ಕೀತು.

ಮಂಡ್ಯ_ಅಮ್ಮ:
ತುಂಬಾ ಉಪಕಾರ ಆಯ್ತು. ನಮ್ಮ ಮನೇಲಿರೋದು ಇಂಡಿಯನ್ ಟಾಯ್ಲೆಟ್, ಪ್ಲೇ ಹೋಂನಲ್ಲೂ ಅದೇ. ಅಲ್ಲಿ ಕೂರ್ತಾಳಾ?

ಅಂಗನವಾಡಿ_ಟೀಚರ್:
ಕುಕ್ಕರುಗಾಲಲ್ಲಿ ಕೂರೋ ಭಂಗಿ ಒಳ್ಳೆಯದೇ, ತೊಂದರೆ ಇರೋದು ಅಳತೆಯಲ್ಲಿ. ಕಾಲಿಡೋ ಜಾಗ ದೊಡ್ಡವರ ಲೆಕ್ಕಕ್ಕೆ ಇರುತ್ತೆ, ಮಗುವಿನ ಕಾಲು ಅಗಲಕ್ಕೆ ಹೋಗಿ ಗುಂಡಿಗೆ ಬೀಳ್ತೀನಿ ಅನ್ಸುತ್ತೆ. ಪಾಟಿಗೆ ಒಗ್ಗಿದ ಮೇಲೆ ಅದನ್ನ ಟಾಯ್ಲೆಟ್ ಪಕ್ಕದಲ್ಲೇ ಇಡಿ, ಕಕ್ಕವನ್ನ ಅವಳ ಎದುರಿಗೇ ಒಳಗೆ ಸುರಿಯಿರಿ. ಆಮೇಲೆ ನೀವು ಎದುರಿಗೆ ಕೂತು ಎರಡೂ ಕೈ ಹಿಡಿದು ಕೂರಿಸಿ. ನೆಲ ಒಣಗಿರಲಿ, ನೀರು ಅವಳು ಎದ್ದು ಈಚೆ ಬಂದ ಮೇಲೆ ಹಾಕಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ, ಹೆಣ್ಣುಮಕ್ಕಳಿಗೆ ಉಚ್ಚೆ ಸೋಂಕು ತಗಲದಿರಲಿ ಅಂತ.

ಪ್ಲೇ ಹೋಂಗೆ ಗುಂಡಿ, ಲಾಡಿ ಇಲ್ಲದ ಎಲಾಸ್ಟಿಕ್ ಚಡ್ಡಿ ಮೂರು ಕಳಿಸಿ. ಮನೇಲಿ ಏನು ಪದ ಬಳಸ್ತೀರೋ ಅದನ್ನೇ ಆಯಾಗೂ ಹೇಳಿ, ಅಲ್ಲಿ "ಟೂ" ಅಂತ ಕೇಳಿದರೆ ಇವಳಿಗೆ ಅರ್ಥವಾಗಲ್ಲ. ಜೂನ್ ಹೊತ್ತಿಗೆ ಕಕ್ಕ ಕಲಿಯದಿದ್ದರೆ ಚೀಲದಲ್ಲಿ ಒಂದು ಡೈಪರ್ ಇರಲಿ, ಕೇಳಿದರೆ ಹಾಕಿ ಅಂತ ಆಯಾಗೆ ಮೊದಲೇ ತಿಳಿಸಿ.